ಭಯದ ದಿನಗಳಿಗೆ ಈಗಲೇ ಬುತ್ತಿ ಕಟ್ಟಿಕೊಳ್ಳೋಣ

2020ರ ಮಾರ್ಚ್ ತಿಂಗಳನ್ನು ನಾವ್ಯಾರೂ ಮರೆತಿಲ್ಲ. 11ನೇ ತಾರೀಕಿನಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾವನ್ನು ಜಾಗತಿಕ ಮಹಾಮಾರಿ ಎಂದು ಘೋಷಿಸಿತು. ಅದೇ ವಾರ ದೇಶದ ಮೊದಲ ಕೊರೋನಾ ಸಾವು ನಮ್ಮ ಕಲಬುರಗಿಯಿಂದ ವರದಿಯಾಯಿತು. ಕಾಲೇಜುಗಳು ಬಾಗಿಲು ಹಾಕಿದವು, ಹಾಸ್ಟೆಲ್‌ಗಳು ಖಾಲಿಯಾದವು. 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ಜುಮುಅದ ಹೊತ್ತಿನಲ್ಲಿ ಮನೆಯಲ್ಲೇ ಝುಹರ್ ನಮಾಝ್ ಮಾಡಿದೆವು. ಆ ವರ್ಷದ ರಮಝಾನ್ ತಿಂಗಳಲ್ಲಿ ತರಾವೀಹ್‌ಗೆ ಮನೆಯ ಹಜಾರವೇ ಮಸೀದಿಯಾಯಿತು. ಈದ್ ದಿನ ಪಕ್ಕದ ಮನೆಯವರನ್ನು ಅಪ್ಪಿಕೊಳ್ಳಲೂ ಆಗಲಿಲ್ಲ.

ಆ ದಿನಗಳ ಬಗ್ಗೆ ಹಿರಿಯರು ಮಾತಾಡುವಾಗ ಆಸ್ಪತ್ರೆಯ ಬೆಡ್ಡು, ಆಕ್ಸಿಜನ್ ಸಿಲಿಂಡರ್, ನಿಂತುಹೋದ ವ್ಯಾಪಾರ, ನಾಲ್ಕೇ ಜನ ಸೇರಿ ಮಾಡಿದ ಜನಾಝ ನಮಾಝ್ ನೆನಪಿಗೆ ಬರುತ್ತವೆ. ಆದರೆ ಅದೇ ಮನೆಯ ಒಳಕೋಣೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ ಹತ್ತೊಂಬತ್ತು ಇಪ್ಪತ್ತು ವರ್ಷದ ಮಗ ಅಥವಾ ಮಗಳ ಮನಸ್ಸಿನಲ್ಲಿ ಏನಿತ್ತು ಎಂದು ನಾವು ಕೇಳಿದ್ದು ಕಡಿಮೆ. "ಮನೆಯಲ್ಲೇ ಇದ್ದಾನಲ್ಲ, ಊಟ ತಿಂಡಿಗೆ ಕೊರತೆ ಇಲ್ಲವಲ್ಲ, ಅವನಿಗೇನು ಕಷ್ಟ?" ಎಂದುಕೊಂಡೆವು.

ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣ ಸುಮಾರು ಶೇಕಡಾ 25ರಷ್ಟು ಹೆಚ್ಚಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಹೆಚ್ಚು ಪೆಟ್ಟು ತಿಂದವರು ಯುವಜನರು ಮತ್ತು ಮಹಿಳೆಯರು. ರೋಗ ಹೋಯಿತು, ನಿಜ. ಆದರೆ ಅಂದು ಮನಸ್ಸು ಪಟ್ಟ ಪಾಡಿನಿಂದ ಕಲಿಯಬೇಕಾದ ಪಾಠ ಹಾಗೇ ಉಳಿದಿದೆ.

ಮುಚ್ಚಿದ ಕೋಣೆಯೊಳಗೆ

ಕಾಲೇಜು ಮಕ್ಕಳ ಭಯ ಒಂದೇ ಬಗೆಯದ್ದಾಗಿರಲಿಲ್ಲ. ಮೊದಲನೆಯದು ರೋಗದ ಭಯ. ತನಗೆ ಬಂದರೆ ಎಂಬುದಕ್ಕಿಂತ, ತನ್ನಿಂದ ಮನೆಯ ಅಜ್ಜನಿಗೆ ಅಥವಾ ಸಕ್ಕರೆ ಕಾಯಿಲೆಯ ತಾಯಿಗೆ ತಗುಲಿದರೆ ಎಂಬ ಅಳುಕು ಅನೇಕರನ್ನು ಕಾಡಿತು.

ಎರಡನೆಯದು ಅನಿಶ್ಚಿತತೆ. ಪರೀಕ್ಷೆ ಇದೆಯೋ ಇಲ್ಲವೋ ಎಂಬುದೇ ತಿಂಗಳುಗಟ್ಟಲೆ ತೂಗುಯ್ಯಾಲೆಯಾಯಿತು. ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಒಳಗೆ ಮುಗಿಸಬೇಕೆಂದು ಯುಜಿಸಿ 2020ರ ಜುಲೈಯಲ್ಲಿ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಪರೀಕ್ಷೆ ನಡೆಸಲೇಬೇಕೆಂಬ ತೀರ್ಪು ಬಂದದ್ದು ಆಗಸ್ಟ್ 28ರಂದು. ಅಷ್ಟರವರೆಗೆ ಓದಬೇಕೇ ಬಿಡಬೇಕೇ ಎಂದು ತಿಳಿಯದೆ ಮಕ್ಕಳು ಪುಸ್ತಕ ತೆರೆದು ಮುಚ್ಚಿದರು. ಮರುವರ್ಷ ಎರಡನೇ ಅಲೆಯಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಓದಿದವನಿಗೆ ಓದಿದ್ದು ವ್ಯರ್ಥವಾಯಿತೆಂಬ ಬೇಸರ, ಪಾಸಾದವನಿಗೆ "ಕೊರೋನಾ ಬ್ಯಾಚ್" ಎಂಬ ಗೇಲಿ.

ಮೂರನೆಯದು ಮನೆಯ ಹಣಕಾಸು. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫ್‌ನ ಸಂಬಳದಿಂದ. 2020ರ ಮೇ 12ರಂದು ದುಬೈಯಿಂದ ಮೊದಲ ವಿಮಾನ ಮಂಗಳೂರಿಗೆ ಬಂದಿಳಿದಾಗ, ಮಗ ಊರಿಗೆ ಬಂದನೆಂಬ ಸಂತೋಷದ ಹಿಂದೆಯೇ "ಇನ್ನು ಕಾಲೇಜು ಫೀಸ್ ಎಲ್ಲಿಂದ?" ಎಂಬ ಪ್ರಶ್ನೆಯೂ ಇಳಿದಿತ್ತು. ಆನ್‌ಲೈನ್ ಕ್ಲಾಸಿಗೆ ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್‌ಫೋನ್, ಓದುವ ಮಕ್ಕಳು ಮೂವರು. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದವರು, ಮಳೆಯಲ್ಲಿ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ಪಾಠ ಕೇಳಿದವರು ಎಷ್ಟೋ ಮಂದಿ. ಇಂಥ ಹೊತ್ತಿನಲ್ಲಿ ಫೋನ್ ಮೊದಲು ಸಿಕ್ಕಿದ್ದು ಗಂಡುಮಗುವಿಗೆ, ಅಡುಗೆಮನೆಯ ಕೆಲಸ ಸಿಕ್ಕಿದ್ದು ಹೆಣ್ಣುಮಗಳಿಗೆ. "ಹೇಗೂ ಕಾಲೇಜಿಲ್ಲ, ಒಳ್ಳೆಯ ಸಂಬಂಧ ಬಂದಿದೆ" ಎಂಬ ಮಾತು ಕೇಳಿದ ದಿನದಿಂದ ನಿದ್ದೆ ಕಳೆದುಕೊಂಡ ಹುಡುಗಿಯರಿದ್ದರು.

ನಾಲ್ಕನೆಯದು ನಮ್ಮ ಮಕ್ಕಳಿಗೆ ಮಾತ್ರ ಬಂದ ಇನ್ನೊಂದು ಹೊರೆ. 2020ರ ಏಪ್ರಿಲ್‌ನಲ್ಲಿ ರೋಗಕ್ಕೆ ಒಂದು ಸಮುದಾಯದ ಹೆಸರು ಕಟ್ಟುವ ಮಾತುಗಳು ಟಿ.ವಿ.ಯಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಹರಿದಾಡಿದವು. ತಬ್ಲೀಗ್ ಸಭೆಗೆ ಬಂದಿದ್ದ ವಿದೇಶೀಯರನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅದೇ ವರ್ಷ ಆಗಸ್ಟ್‌ನಲ್ಲಿ ಹೇಳಿ, ಅವರ ಮೇಲಿನ ಮೊಕದ್ದಮೆಗಳನ್ನು ರದ್ದು ಮಾಡಿತು. ಆದರೆ ಅಷ್ಟರಲ್ಲಿ ತರಗತಿಯ ಗ್ರೂಪ್‌ನಲ್ಲಿ ಗೆಳೆಯನೇ ಕಳಿಸಿದ ಸಂದೇಶವನ್ನು ಓದಿ, ಉತ್ತರ ಬರೆಯಲಾಗದೆ ಸುಮ್ಮನೆ ಗ್ರೂಪ್ ಬಿಟ್ಟ ಮಕ್ಕಳಿದ್ದರು. ಅದೇ ತರಗತಿಯಲ್ಲಿ "ಇಂಥದ್ದು ಇಲ್ಲಿ ಹಾಕಬೇಡಿ" ಎಂದು ಎದ್ದು ಹೇಳಿದ ಹಿಂದೂ, ಕ್ರೈಸ್ತ ಸ್ನೇಹಿತರೂ ಇದ್ದರು. ಅವಮಾನದ ಜೊತೆಗೆ ಆ ಉಪಕಾರವನ್ನೂ ನೆನಪಿಡುವುದು ನ್ಯಾಯ.

ದೇಹದಲ್ಲಿ ಭಯ ಮಾಡುವ ಕೆಲಸ

ಭಯ ಅಲ್ಲಾಹನು ಮನುಷ್ಯನಲ್ಲಿ ಇಟ್ಟ ಒಂದು ಕಾವಲು. ಎದುರಿಗೆ ಹಾವು ಕಂಡರೆ ಯೋಚಿಸುವ ಮೊದಲೇ ಕಾಲು ಹಿಂದೆ ಸರಿಯುತ್ತದೆ. ಆ ಕ್ಷಣದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆ ಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹಾವು ಹೋದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ.

ಮಹಾಮಾರಿಯಲ್ಲಿ ತೊಂದರೆಯಾದದ್ದು ಇಲ್ಲಿಯೇ. ಅಲ್ಲಿ ಹಾವು ಕಾಣಿಸುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಕಾವಲುಗಾರ ಹಗಲು ರಾತ್ರಿ ಸಿಳ್ಳೆ ಊದುತ್ತಲೇ ಇದ್ದ. ಹೀಗೆ ವಾರಗಟ್ಟಲೆ ಆದಾಗ ನಿದ್ದೆ ಕೆಡುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಹಸಿವು ಕಡಿಮೆಯಾಗುತ್ತದೆ ಅಥವಾ ಹೊತ್ತುಗೊತ್ತಿಲ್ಲದೆ ತಿನ್ನುವಂತಾಗುತ್ತದೆ. ಮನೆಯವರು ಇದನ್ನು "ಸೋಮಾರಿತನ", "ಮೊಬೈಲ್ ಹುಚ್ಚು" ಎಂದು ಕರೆದರು.

ಎಂಜಿನಿಯರಿಂಗ್ ಓದುತ್ತಿದ್ದ ಯುವಕನೊಬ್ಬ ನಂತರದ ದಿನಗಳಲ್ಲಿ ತನ್ನ ಅನುಭವ ಹೇಳಿಕೊಂಡ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಂತಾಗುತ್ತಿತ್ತು, ಬೆರಳುಗಳು ಜುಮ್ಮೆನ್ನುತ್ತಿದ್ದವು. ಕೊರೋನಾ ಬಂದೇಬಿಟ್ಟಿತೆಂದು ಆಕ್ಸಿಮೀಟರ್ ಹಾಕಿ ನೋಡಿದರೆ 98. ಐದು ನಿಮಿಷಕ್ಕೆ ಮತ್ತೆ ನೋಡುವುದು, ಮತ್ತೆ 98. ಅದು ಶ್ವಾಸಕೋಶದ ತೊಂದರೆಯಾಗಿರಲಿಲ್ಲ, ಆತಂಕವಾಗಿತ್ತು. ಗಾಬರಿಯಿಂದ ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದರಿಂದ ತಲೆ ಹಗುರವಾದಂತೆ, ಬೆರಳು ಜುಮ್ಮೆಂದಂತೆ ಆಗುತ್ತದೆ. ಆ ಲಕ್ಷಣ ಕಂಡು ಗಾಬರಿ ಇನ್ನಷ್ಟು ಹೆಚ್ಚುತ್ತದೆ. ಈ ಸುತ್ತನ್ನು ವೈದ್ಯರು ಅವನಿಗೆ ವಿವರಿಸಿ ಹೇಳಿದ ಮೇಲೆಯೇ ಅರ್ಧ ಭಯ ಇಳಿಯಿತಂತೆ.

ಭಯಪಟ್ಟರೆ ಈಮಾನ್ ಕಡಿಮೆ ಎಂದೇ?

"ನಮಾಝ್ ಮಾಡು, ಎಲ್ಲ ಸರಿಹೋಗುತ್ತದೆ. ಈಮಾನ್ ಗಟ್ಟಿ ಇದ್ದವನಿಗೆ ಭಯ ಎಂಥದ್ದು?" ಎಂದು ಹೇಳುವವರಿದ್ದಾರೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಕೇಳುವ ಮಗುವಿಗೆ ಭಯದ ಮೇಲೆ ಪಾಪಪ್ರಜ್ಞೆಯೂ ಸೇರಿಕೊಳ್ಳುತ್ತದೆ. ಹಾಗಾದರೆ ಪವಿತ್ರ ಕುರ್‌ಆನ್ ಏನನ್ನು ತೋರಿಸುತ್ತದೆ?

ಜಾದೂಗಾರರು ಹಗ್ಗಗಳನ್ನು ಎಸೆದಾಗ ಪ್ರವಾದಿ ಮೂಸಾ(ಅ)ರ ಮನಸ್ಸಿನಲ್ಲೂ ಭಯ ಮೂಡಿತೆಂದು ಕುರ್‌ಆನ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮಗನನ್ನು ಕಳೆದುಕೊಂಡ ಪ್ರವಾದಿ ಯಅ್‌ಕೂಬ್(ಅ)ರ ಕಣ್ಣುಗಳು ದುಃಖದಿಂದ ಬಿಳಿಚಿದವು. ಒಬ್ಬಂಟಿಯಾಗಿ ಹೆರಿಗೆ ನೋವು ತಿಂದ ಮರ್ಯಮ್(ಅ) ಇದಕ್ಕಿಂತ ಮೊದಲೇ ಸತ್ತಿರುತ್ತಿದ್ದರೆ ಎಂದು ಹಲುಬಿದರು. ಅವರಿಗೆ ಅಲ್ಲಾಹನಿಂದ ಗದರಿಕೆ ಬರಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು, ಕಾಲಬುಡದಲ್ಲಿ ನೀರು ಬಂತು, ಖರ್ಜೂರದ ಮರವನ್ನು ಅಲುಗಿಸಿ ತಿಂದು ಕುಡಿದು ಕಣ್ಣು ತಂಪಾಗಿಸಿಕೊಳ್ಳುವ ಸೂಚನೆ ಬಂತು. ಕಷ್ಟದಲ್ಲಿ ಬಿದ್ದವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬ ಕ್ರಮವೇ ಇದರಲ್ಲಿದೆ. ಮೊದಲು ಸಾಂತ್ವನ, ನಂತರ ಅನ್ನ ನೀರು, ಆಮೇಲೆ ಅವರ ಕೈಯಲ್ಲಿ ಆಗುವಷ್ಟು ಒಂದು ಸಣ್ಣ ಕೆಲಸ.

ಪ್ರವಾದಿ(ಸ)ರು ಚಿಂತೆಯಿಂದಲೂ ದುಃಖದಿಂದಲೂ ಅಲ್ಲಾಹನ ರಕ್ಷೆ ಬೇಡುತ್ತಿದ್ದುದನ್ನು ತಾನು ಆಗಾಗ ಕೇಳುತ್ತಿದ್ದೆನೆಂದು ಅನಸ್(ರ) ತಿಳಿಸಿದ್ದಾರೆ. ಅಲ್ಲಿ ಎರಡು ಬೇರೆ ಪದಗಳಿವೆ, 'ಹಮ್ಮ್' ಮತ್ತು 'ಹಝನ್'. ಮೊದಲನೆಯದು ಮುಂದೇನಾಗುವುದೋ ಎಂಬ ಕಳವಳ, ಎರಡನೆಯದು ಆಗಿಹೋದದ್ದರ ನೋವು ಎಂದು ವಿದ್ವಾಂಸರು ವಿವರಿಸುತ್ತಾರೆ. ಅದೇ ದುಆದಲ್ಲಿ ಕೈಲಾಗದಿರುವಿಕೆ, ಆಲಸ್ಯ ಮತ್ತು ಸಾಲದ ಹೊರೆಯಿಂದಲೂ ರಕ್ಷೆ ಬೇಡಲಾಗಿದೆ. ಕೊರೋನಾ ದಿನಗಳ ಒಬ್ಬ ವಿದ್ಯಾರ್ಥಿಯ ಮನಸ್ಸಿನಲ್ಲಿ ಇದ್ದದ್ದೆಲ್ಲ ಅದರೊಳಗೆ ಬಂದುಬಿಟ್ಟಿದೆ.

ಸಾಂಕ್ರಾಮಿಕದ ವಿಷಯದಲ್ಲಂತೂ ಹಝ್ರತ್ ಉಮರ್(ರ)ರ ಮಾದರಿ ನಮ್ಮ ಮುಂದಿದೆ. ಶಾಮ್ ಕಡೆಗೆ ಹೊರಟಿದ್ದ ಅವರಿಗೆ ಸರ್ಗ್ ಎಂಬಲ್ಲಿ ಮುಂದೆ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಸಿಕ್ಕಿತು. ಅವರು ಒಬ್ಬರೇ ತೀರ್ಮಾನಿಸಲಿಲ್ಲ. ಮುಹಾಜಿರ್‌ಗಳನ್ನು ಕರೆದು ಕೇಳಿದರು, ಅನ್ಸಾರ್‌ಗಳನ್ನು ಕೇಳಿದರು, ಕುರೈಶರ ಹಿರಿಯರನ್ನು ಕೇಳಿದರು. ಕೊನೆಗೆ ಹಿಂದಿರುಗುವ ನಿರ್ಧಾರ ಮಾಡಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ರೋಗವಿರುವ ಊರಿಗೆ ಹೋಗಬಾರದು, ನೀವಿರುವ ಊರಿನಲ್ಲಿ ರೋಗ ಬಂದರೆ ಅಲ್ಲಿಂದ ಓಡಬಾರದು ಎಂಬ ಪ್ರವಾದಿ ವಚನವನ್ನು ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಬಂದು ತಿಳಿಸಿದಾಗ ಉಮರ್(ರ) ಅಲ್ಲಾಹನನ್ನು ಸ್ತುತಿಸಿದರು. ಎಚ್ಚರಿಕೆಯೂ ತವಕ್ಕುಲ್ಲೂ ಒಂದಕ್ಕೊಂದು ಶತ್ರುಗಳಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಮಾಸ್ಕ್ ಹಾಕಿದವನನ್ನೂ ಮಾನಸಿಕ ವೈದ್ಯರ ಬಳಿ ಹೋದವನನ್ನೂ ಈಮಾನ್ ಇಲ್ಲದವನೆಂದು ಅಳೆಯುವ ಹಕ್ಕು ನಮಗಿಲ್ಲ.

ಬಲ್ಖಿಯ ಔಷಧದ ಪೆಟ್ಟಿಗೆ

ಸಾವಿರ ವರ್ಷಕ್ಕೂ ಹಿಂದೆ, ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದಲ್ಲಿ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರಿದ್ದರು. ಅವರು ತೀರಿಕೊಂಡದ್ದು ಕ್ರಿ.ಶ. 934ರಲ್ಲಿ. ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಅವರು ಬರೆದ 'ಮಸಾಲಿಹುಲ್ ಅಬ್‌ದಾನ್ ವಲ್ ಅನ್‌ಫುಸ್' ಎಂಬ ಗ್ರಂಥದಲ್ಲಿ ಮನಸ್ಸಿಗೇ ಒಂದು ಪ್ರತ್ಯೇಕ ಭಾಗವಿದೆ. ಸಿಟ್ಟು, ಭಯ, ದುಃಖ, ಬಿಟ್ಟೂಬಿಡದ ಯೋಚನೆ ಎಂದು ಮನಸ್ಸಿನ ಕಾಯಿಲೆಗಳನ್ನು ನಾಲ್ಕಾಗಿ ವಿಂಗಡಿಸಿ ಒಂದೊಂದಕ್ಕೂ ಚಿಕಿತ್ಸೆ ಹೇಳಿದವರು ಅವರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಗೊತ್ತಾಗದ ದುಃಖ ಬೇರೆ ಎಂದೂ ಗುರುತಿಸಿದ್ದರು.

ಬಲ್ಖಿಯವರ ಒಂದು ಸಲಹೆ ಇಂದಿಗೂ ಹೊಸದಾಗಿದೆ. ಕಾಯಿಲೆ ಬರುವ ಮೊದಲೇ ಮನೆಯಲ್ಲಿ ಔಷಧ ಇಟ್ಟುಕೊಳ್ಳುವಂತೆ, ಮನಸ್ಸು ನೆಮ್ಮದಿಯಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಸಂಗ್ರಹಿಸಿಟ್ಟುಕೊಳ್ಳಬೇಕು. ಭಯ ಬಂದಾಗ ಅವುಗಳನ್ನು ಹೊರತೆಗೆಯಬೇಕು. ಬಿರುಗಾಳಿಯ ನಡುವೆ ಮಾಡು ಹೊದೆಸಲು ಆಗುವುದಿಲ್ಲ. ಇಂದು ನಮಗೆ ಬಿಡುವಿದೆ. ಹಾಗಾಗಿ ಅಂದು ನಿಭಾಯಿಸಿದ ಮಕ್ಕಳ ಅನುಭವವನ್ನು ಈಗಲೇ ಪೆಟ್ಟಿಗೆಯಲ್ಲಿ ತುಂಬಿಕೊಳ್ಳೋಣ.

ನಿಭಾಯಿಸಿದವರು ಮಾಡಿದ್ದು

ಒಂದು, ಅವರು ದಿನಕ್ಕೊಂದು ಚೌಕಟ್ಟು ಹಾಕಿಕೊಂಡರು. ಕಾಲೇಜಿನ ಗಂಟೆ ನಿಂತಾಗ ಐದು ಹೊತ್ತಿನ ಅದಾನ್ ಅವರ ಗಡಿಯಾರವಾಯಿತು. ಫಜ್ರ್ ನಂತರ ಕಷ್ಟದ ವಿಷಯ ಓದುವುದು, ಅಸರ್ ನಂತರ ತಾರಸಿಯಲ್ಲೋ ಅಂಗಳದಲ್ಲೋ ನಡೆಯುವುದು, ಇಶಾ ನಂತರ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗುವುದು. ಏಳುವ ಹೊತ್ತು ನಿಶ್ಚಿತವಾದರೆ ನಿದ್ದೆಯೂ ಹಳಿಗೆ ಬರುತ್ತದೆ. ಬೆಳಗಿನ ಬಿಸಿಲೂ ನಡಿಗೆಯೂ ಮನಸ್ಸಿಗೆ ಒಳ್ಳೆಯದೆಂದು ವೈದ್ಯರೂ ಹೇಳುತ್ತಾರೆ.

ಎರಡು, ಸುದ್ದಿಗೆ ಬೇಲಿ ಹಾಕಿದರು. ಭಯದ ಅಥವಾ ನೆಮ್ಮದಿಯ ಸುದ್ದಿ ಬಂದ ಕೂಡಲೇ ಹರಡುವವರನ್ನು ಸೂರಃ ಅನ್ನಿಸಾದಲ್ಲಿ ಟೀಕಿಸಲಾಗಿದೆ, ವಿಷಯ ತಿಳಿದ ಹೊಣೆಗಾರರ ಬಳಿ ಒಯ್ಯಬೇಕೆಂದು ಕಲಿಸಲಾಗಿದೆ. ದಿನಕ್ಕೆ ಒಂದೇ ಬಾರಿ, ಆರೋಗ್ಯ ಇಲಾಖೆಯ ಪ್ರಕಟಣೆಯನ್ನು ಮಾತ್ರ ನೋಡಿದವರು ಇಡೀ ದಿನ ಸಾವಿನ ಸಂಖ್ಯೆ ಎಣಿಸುತ್ತಾ ಕುಳಿತವರಿಗಿಂತ ಹಗುರವಾಗಿದ್ದರು.

ಮೂರು, ಭಯವನ್ನು ಕಾಗದದ ಮೇಲೆ ಇಳಿಸಿದರು. ಕಾಗದವನ್ನು ಎರಡು ಪಾಲು ಮಾಡಿ, ಒಂದು ಕಡೆ ನನ್ನ ಕೈಯಲ್ಲಿರುವುದು, ಇನ್ನೊಂದು ಕಡೆ ನನ್ನ ಕೈಯಲ್ಲಿಲ್ಲದ್ದು. ಪರೀಕ್ಷೆಯ ದಿನಾಂಕ ಎರಡನೇ ಪಾಲಿಗೆ, ಇವತ್ತಿನ ಒಂದು ಅಧ್ಯಾಯ ಮೊದಲ ಪಾಲಿಗೆ. ಮೊದಲ ಪಾಲು ದುಡಿಮೆಗೆ, ಎರಡನೇ ಪಾಲು ದುಆಕ್ಕೆ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಪ್ರವಾದಿ(ಸ)ರ ಉಪದೇಶದ ಅರ್ಥವೂ ಇದೇ.

ನಾಲ್ಕು, ಗಾಬರಿಯಾದಾಗ ಉಸಿರನ್ನು ನಿಧಾನಿಸಲು ಕಲಿತರು. ಮೂಗಿನಿಂದ ಮೆಲ್ಲಗೆ ಎಳೆದುಕೊಂಡು, ಎಳೆದುಕೊಂಡದ್ದಕ್ಕಿಂತ ದೀರ್ಘವಾಗಿ ಬಿಡುವುದು. ಹೀಗೆ ಕೆಲವು ನಿಮಿಷ ಮಾಡಿದರೆ ಎದೆಬಡಿತ ಇಳಿಯುತ್ತದೆ. ನಿಧಾನವಾಗಿ, ಅರ್ಥ ನೆನೆಯುತ್ತಾ ಮಾಡುವ ಝಿಕ್ರ್‌ನಲ್ಲೂ ಉಸಿರು ತಾನಾಗಿ ನಿಧಾನವಾಗುತ್ತದೆ.

ಐದು, ಇನ್ನೊಬ್ಬರಿಗೆ ಕೈಕೊಟ್ಟರು. ರೇಷನ್ ಕಿಟ್ ಹಂಚಿದವರು, ಆಕ್ಸಿಜನ್ ಸಿಲಿಂಡರ್‌ಗಾಗಿ ಫೋನ್ ಮಾಡುತ್ತಾ ಕುಳಿತವರು, ಪಕ್ಕದ ಮನೆಯ ಅಜ್ಜಿಗೆ ಮಾತ್ರೆ ತಂದುಕೊಟ್ಟವರು. ಎರಡನೇ ಅಲೆಯಲ್ಲಿ ಬೆಂಗಳೂರಿನಲ್ಲೂ ಕರಾವಳಿಯಲ್ಲೂ ಮುಸ್ಲಿಮ್ ಯುವಕರು ಪಿಪಿಇ ಕಿಟ್ ತೊಟ್ಟು ನಮ್ಮವರ ಮಯ್ಯಿತ್ ದಫನ್ ಮಾಡಿದ್ದಲ್ಲದೆ, ಬೇರೆ ಧರ್ಮದವರ ಅಂತ್ಯಕ್ರಿಯೆಗೂ ಅವರವರ ಕ್ರಮದಂತೆ ಹೆಗಲು ಕೊಟ್ಟರು. ತನ್ನಿಂದ ಏನೂ ಆಗುವುದಿಲ್ಲ ಎಂಬ ಭಾವನೆಗೆ ಸೇವೆಯೇ ದೊಡ್ಡ ಮದ್ದು. ಆದರೆ ಅಷ್ಟೊಂದು ಸಾವುಗಳನ್ನು ಹತ್ತಿರದಿಂದ ಕಂಡ ಆ ಯುವಕರ ಮನಸ್ಸಿಗೂ ಆರೈಕೆ ಬೇಕಿತ್ತು ಎಂಬುದನ್ನು ಜಮಾಅತ್‌ಗಳು ಗಮನಿಸಬೇಕು. ಹಾರ ಹಾಕಿ ಸನ್ಮಾನಿಸಿದರೆ ಸಾಲದು, ಕೂರಿಸಿಕೊಂಡು ಕೇಳಬೇಕು.

ತಂದೆ ತಾಯಂದಿರೊಡನೆ ಒಂದು ಮಾತು

ಮಗ ಬಾಗಿಲು ಹಾಕಿಕೊಂಡು ಕುಳಿತರೆ ಬಾಗಿಲ ಹೊರಗಿನಿಂದ ಉಪದೇಶ ಮಾಡಬೇಡಿ. ಒಂದು ಲೋಟ ಚಹಾ ಹಿಡಿದು ಒಳಗೆ ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ. "ನನಗೂ ಹೆದರಿಕೆಯಾಗುತ್ತದೆ ಮಗಾ, ನಿನಗೆ ಏನು ಅನಿಸುತ್ತಿದೆ?" ಎಂದು ತಂದೆಯ ಬಾಯಿಂದ ಬಂದ ಒಂದು ಮಾತು ಗಂಟು ಬಿಚ್ಚುತ್ತದೆ. ಮನೆಯ ಹಣಕಾಸನ್ನು ಮಕ್ಕಳಿಂದ ಪೂರ್ತಿ ಮುಚ್ಚಿಡುವುದರಿಂದಲೂ ಪ್ರಯೋಜನವಿಲ್ಲ. ಅವರು ಪಿಸುಮಾತು ಕೇಳಿ ಇದ್ದದ್ದಕ್ಕಿಂತ ಹೆಚ್ಚು ಊಹಿಸಿಕೊಳ್ಳುತ್ತಾರೆ. ಇರುವ ವಿಷಯ ಹೇಳಿ, ಸಲಹೆ ಕೇಳಿ. ಖಲೀಫರೇ ಸಮಾಲೋಚನೆ ಮಾಡಿದ್ದಾರೆ, ನಾವು ಮಾಡಬಾರದೇ?

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಸಂಕಟದ ಕಾಲದಲ್ಲಿ ಖರ್ಚು ಕಡಿತ ಮಾಡುವಾಗ ಮೊದಲ ಕತ್ತರಿ ಅವರ ಓದಿಗೆ ಬೀಳದಿರಲಿ. ಕಾಲೇಜು ಮುಚ್ಚಿದ್ದು ಮದುವೆಗೆ ಮುಹೂರ್ತವಲ್ಲ. ಫೀಸ್ ಕಟ್ಟಲಾಗದ ಮನೆಗಳನ್ನು ಗುರುತಿಸಿ, ಹೆಸರು ಹೊರಗೆ ಬರದಂತೆ ನೆರವಾಗುವುದು ಮೊಹಲ್ಲಾದ ಹೊಣೆ. ಝಕಾತ್‌ಗೆ ಅರ್ಹವಾದ ಎಷ್ಟೋ ಮನೆಗಳು ಕೈಚಾಚದೆ ಸುಮ್ಮನಿರುತ್ತವೆ.

ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ಎರಡು ವಾರ ಕಳೆದರೂ ದುಃಖ ಇಳಿಯದಿದ್ದರೆ, ಇಷ್ಟವಾಗಿದ್ದ ಯಾವುದೂ ಬೇಡವೆನಿಸಿದರೆ, ನಿದ್ದೆ ಊಟ ಪೂರ್ತಿ ಕೆಟ್ಟರೆ ತಡಮಾಡದೆ ವೈದ್ಯರನ್ನು ಕಾಣಬೇಕು. "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅಂದೇ ನೆರವು ಪಡೆಯಿರಿ. ಜೀವವು ಅಲ್ಲಾಹನ ಅಮಾನತ್ ಎಂಬುದು ಸತ್ಯ. ಆದರೆ ಆ ಸತ್ಯವನ್ನು ನೊಂದವನನ್ನು ಹೊಡೆಯುವ ಬೆತ್ತ ಮಾಡಿಕೊಳ್ಳಬಾರದು. ಆ ಅಮಾನತನ್ನು ಕಾಪಾಡುವ ಹೊಣೆ ಸುತ್ತಲಿರುವ ನಮ್ಮ ಮೇಲೂ ಇದೆ.

ಇಂದು ನೆರವು ದೂರವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯ ವಿಭಾಗವಿದೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗ. ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹನು ಇಳಿಸಿಲ್ಲ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಆ ಮಾತು ಜ್ವರಕ್ಕೆ ಮಾತ್ರ ಸೀಮಿತವಲ್ಲ.

ಕೊರೋನಾ ಕಾಲದ ವಿದ್ಯಾರ್ಥಿಗಳು ಇಂದು ಉದ್ಯೋಗಸ್ಥರು, ಕೆಲವರು ತಂದೆ ತಾಯಂದಿರು. ಈಗಿನ ಕಾಲೇಜು ಮಕ್ಕಳಿಗೆ ಪರೀಕ್ಷೆ, ಕೆಲಸ, ಸುತ್ತಲಿನ ದ್ವೇಷದ ಮಾತು ಹೀಗೆ ಬೇರೆ ಭಯಗಳಿವೆ. ಈ ಜುಮುಅ ಮುಗಿಸಿ ಮನೆಗೆ ಹೋದಾಗ ಊಟದ ಸುಪ್ರದಲ್ಲಿ ಕುಳಿತು ಮಕ್ಕಳನ್ನು ಒಮ್ಮೆ ಕೇಳಿ, ಆ ದಿನಗಳಲ್ಲಿ ನಿನಗೆ ಹೇಗನಿಸಿತ್ತು, ಈಗ ಹೇಗಿದ್ದೀಯಾ ಎಂದು. ಉತ್ತರ ಕೊಡಲು ಅವರಿಗೆ ಸಮಯ ಕೊಡಿ, ನಡುವೆ ಬಾಯಿ ಹಾಕಬೇಡಿ.

ಅಲ್ಲಾಹನು ನಮ್ಮ ಮಕ್ಕಳ ಹೃದಯಗಳಿಗೆ ಸಮಾಧಾನ ದಯಪಾಲಿಸಲಿ. ಮಹಾಮಾರಿಯಲ್ಲಿ ನಮ್ಮನ್ನಗಲಿದವರಿಗೆ ಮಗ್ಫಿರತ್ ನೀಡಲಿ. ಒಬ್ಬರ ಭಯವನ್ನು ಇನ್ನೊಬ್ಬರು ಹಂಚಿಕೊಳ್ಳುವ ಮನಸ್ಸನ್ನು ನಮಗೆಲ್ಲ ಕೊಡಲಿ. ಆಮೀನ್.